ಮನೆಯಿಂದ ಹೋಗಿ ಬಂದು ಓದಿದವರು

ಓದೋಕೆ ಅಂತ ಊರು ಬಿಟ್ಟು ಹೋದವರ ಕಥೆ ನಮ್ಮಲ್ಲಿ ಬೇಕಾದಷ್ಟಿವೆ. ದೊಡ್ಡವರ ಆತ್ಮಕಥೆ ಯಾವುದನ್ನೇ ತೆಗೀರಿ, ಒಂದು ಅಧ್ಯಾಯದಲ್ಲಿ ಹುಡುಗ ಟ್ರಂಕು ಹೊತ್ಕೊಂಡು ಊರು ಬಿಡ್ತಾನೆ, ವಾರಾನ್ನ ಉಂಡೋ ಹಾಸ್ಟೆಲ್ ಸೇರ್ಕೊಂಡೋ ಕಷ್ಟಪಟ್ಟು ಓದ್ತಾನೆ. ಊರಲ್ಲೇ ಇದ್ದು, ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ಮುದ್ದೆ ತಿರುವಿಟ್ಟು, ಆಮೇಲೆ ಯೂನಿವರ್ಸಿಟಿಗೆ ಹೋಗಿ, ಸಂಜೆ ಬಂದು ಪಾತ್ರೆ ತೊಳೆದವರ ಕಥೆ ಹುಡುಕಿದ್ರೂ ಅಷ್ಟಾಗಿ ಸಿಗೋದಿಲ್ಲ. ನಮ್ಮ ಮಲ್ಲತ್ತಹಳ್ಳಿಯಲ್ಲಿ ಅಂಥವರು ಮನೆಗೊಬ್ಬರು ಇದ್ದಾರೆ. ಯಾಕಂದ್ರೆ ನಮ್ಮೂರಿನ ಮಗ್ಗುಲಲ್ಲೇ ಜ್ಞಾನಭಾರತಿ.

ಹಳೇದರಿಂದ ಶುರು ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ. ಕನ್ನಡ ನಾಡಿನ ಚರಿತ್ರೆಯಲ್ಲಿ ನಮಗೆಲ್ಲ ಗೊತ್ತಿರೋ ಮೊದಲ ವಿದ್ಯಾರ್ಥಿ ಅಂದ್ರೆ ಮಯೂರಶರ್ಮ. ಶಿಕಾರಿಪುರದ ಹತ್ತಿರದ ತಾಳಗುಂದದವನು. ವೀರಶರ್ಮರ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಓದೋಕೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯ್ತು, ಓದು ಬಿಟ್ಟು ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ. ಇದು ತಾಳಗುಂದದ ಶಾಸನದಲ್ಲೇ ಇದೆ. ನಾವು ಇವತ್ತೂ ಪದವಿ ಕೊಡೋ ಸಮಾರಂಭಕ್ಕೆ ಘಟಿಕೋತ್ಸವ ಅಂತೀವಲ್ಲ, ಅದರ ಬೇರು ಆ ಘಟಿಕೆಯೇ. ಊರಲ್ಲೇ ಓದೋಕೆ ಅನುಕೂಲ ಇದ್ದಿದ್ರೆ ಅವನು ಕಂಚಿಗೆ ಹೋಗ್ತಿರಲಿಲ್ಲ, ನಮಗೆ ಕದಂಬರೂ ಸಿಗ್ತಿರಲಿಲ್ಲ ಅಂತ ನಮ್ಮ ಯಜಮಾನ್ರು ತಮಾಷೆ ಮಾಡ್ತಾರೆ.

ನನಗೆ ಮಯೂರಶರ್ಮನಿಗಿಂತ ಹಿಡಿಸಿದ್ದು ಸಾಲೋಟಗಿ. ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಊರು. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಅಲ್ಲೊಂದು ವಿದ್ಯಾಶಾಲೆ ಇತ್ತು. ಬೇರೆ ಬೇರೆ ದೇಶದಿಂದ ಬಂದ ವಿದ್ಯಾರ್ಥಿಗಳು ಇರೋಕೆ 27 ಮನೆ ಬಿಟ್ಟಿದ್ರು, ದೀಪದ ಎಣ್ಣೆಗೆ ಅಂತ ಬೇರೆ ಜಮೀನು. ಅದಲ್ಲದೆ ಊರಿನವರು ಮದುವೆ ಮಾಡಿದ್ರೆ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಅದಕ್ಕೂ ಕಡಿಮೆ ಶಾಲೆಗೆ ಕೊಡಬೇಕು ಅಂತ ಶಾಸನ ಹಾಕಿಸಿದ್ರು. ನೋಡಿ, ಹೊರಗಿಂದ ಬಂದ ಹುಡುಗರು ಓದೋದಕ್ಕೆ ಊರಿನ ಮನೆಗಳಲ್ಲಿ ನಡೆಯೋ ಮದುವೆ ಮುಂಜಿಯಿಂದ ದುಡ್ಡು. ಆ ಊರಿನ ಎಷ್ಟು ಮಕ್ಕಳು ಆ ಶಾಲೆಯಲ್ಲಿ ಓದಿದ್ರೋ! ಹೆಣ್ಮಕ್ಕಳ ಮಾತಂತೂ ಬಿಡಿ. ಹೀಗೆ ಊರಿಗೂ ವಿದ್ಯಾಶಾಲೆಗೂ ಇರೋ ಕೊಡು ಕೊಳ್ಳೋದು ಸಾವಿರ ವರ್ಷದ ಹಿಂದಿನದು.

ಬೆಂಗಳೂರಿಗೆ ಬರೋಣ. ಈಗಿನ ಸೆಂಟ್ರಲ್ ಕಾಲೇಜು 1858ರಲ್ಲಿ ಹೈಸ್ಕೂಲಾಗಿ ಶುರುವಾಗಿದ್ದು. ಕಾಲೇಜಾದ ಮೇಲೂ ಪದವಿ ಕೊಡ್ತಿದ್ದದ್ದು ಮದ್ರಾಸು ಯೂನಿವರ್ಸಿಟಿ. ಅಂದ್ರೆ ಪಾಠ ಇಲ್ಲಿ, ಮುದ್ರೆ ಅಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯಿಂದ ಬಂದು, ಮನೆಪಾಠ ಹೇಳ್ಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ರು. ಇಂಜಿನಿಯರಿಂಗ್ ಓದೋಕೆ ಇಲ್ಲಿ ಕಾಲೇಜಿರಲಿಲ್ಲ, ಪುಣೆಗೆ ಹೋಗಬೇಕಾಯ್ತು. ಅದೇ ಮನುಷ್ಯ ದಿವಾನರಾದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆಯ್ತು, 1917ರಲ್ಲಿ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು ಬಂತು. ತಾನು ಊರು ಬಿಟ್ಟು ಪಟ್ಟ ಪಾಡು ಮುಂದಿನವರಿಗೆ ಬೇಡ ಅಂತ ಅವರಿಗೆ ಅನ್ನಿಸಿರಬಹುದು ಅನ್ನೋದು ನನ್ನ ಊಹೆ ಅಷ್ಟೆ.

ಆಮೇಲೆ ಸುಮಾರು ಐವತ್ತು ವರ್ಷ ಬೆಂಗಳೂರಿನ ಕಾಲೇಜುಗಳು ಮೈಸೂರಿನ ಕೈಕೆಳಗಿದ್ವು. 1964ರಲ್ಲಿ ಸೆಂಟ್ರಲ್ ಕಾಲೇಜು, ಇಂಜಿನಿಯರಿಂಗ್ ಕಾಲೇಜು ಎರಡನ್ನೂ ಸೇರಿಸಿ ಬೆಂಗಳೂರು ವಿಶ್ವವಿದ್ಯಾಲಯ ಮಾಡಿದ್ರು. ಊರು ಬೆಳೀತು, ಜಾಗ ಸಾಲದೇ ಹೋಯ್ತು. ಮೈಸೂರು ರಸ್ತೆ ಕಡೆ, ನಾಗರಬಾವಿಗೂ ಮಲ್ಲತ್ತಹಳ್ಳಿಗೂ ತಾಗಿದಂಗೆ ಸುಮಾರು 1,100 ಎಕರೆ ಜಾಗದಲ್ಲಿ ಜ್ಞಾನಭಾರತಿ ಕ್ಯಾಂಪಸ್ ಎದ್ದಿತು. 1973ರಲ್ಲಿ ವಿಭಾಗಗಳು ಇಲ್ಲಿಗೆ ಬರೋಕೆ ಶುರುವಾದಾಗ ಕುಲಪತಿಯಾಗಿದ್ದವರು ಡಾ. ಎಚ್. ನರಸಿಂಹಯ್ಯ. ಅವರೂ ಊರು ಬಿಟ್ಟು ಓದಿದವರೇ. 1935ರಲ್ಲಿ ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ ಬೆಂಗಳೂರಿಗೆ ನಡ್ಕೊಂಡೇ ಬಂದು ನ್ಯಾಷನಲ್ ಹೈಸ್ಕೂಲ್ ಸೇರಿದವರು. ಮುಂದೆ ಅಮೆರಿಕದಲ್ಲಿ ಪಿಎಚ್‌ಡಿ ಮಾಡಿ ಬಂದ್ರೂ ಖಾದಿ ಬಟ್ಟೆ, ಗಾಂಧಿ ಟೋಪಿ ಬಿಡಲಿಲ್ಲ, ಬಸವನಗುಡಿಯ ಹಾಸ್ಟೆಲಿನ ಒಂದು ರೂಮಿನಲ್ಲೇ ಜೀವನ ಕಳೆದರು. ಮದುವೆಯಾಗದ ಆ ಮನುಷ್ಯನಿಗೆ ಹಾಸ್ಟೆಲ್ಲೇ ಮನೆ. ನಡೆದು ಬಂದವರು ಕಟ್ಟಿದ ಕ್ಯಾಂಪಸ್ಸಿಗೆ ನಮ್ಮೂರ ಹೆಣ್ಮಕ್ಕಳು ನಡ್ಕೊಂಡು ಹೋಗೋ ಹಾಗಾಯ್ತು.

ನಾನು ಮಾಗಡಿ ಕಡೆಯವಳು. ಪಿಯುಸಿ ಪಾಸಾಗಿದ್ದೆ, ಮುಂದಕ್ಕೆ ಓದಬೇಕು ಅಂದ್ರೆ ಬಸ್ಸು ಹತ್ತಬೇಕಿತ್ತು, ಹೆಣ್ಮಗಳನ್ನ ಅಷ್ಟು ದೂರ ಕಳಿಸೋದು ಯಾಕೆ ಅಂತ ಮನೆಯಲ್ಲಿ ನಿಲ್ಲಿಸಿದ್ರು. 1990ರಲ್ಲಿ ಮದುವೆಯಾಗಿ ಯೂನಿವರ್ಸಿಟಿ ಪಕ್ಕಕ್ಕೇ ಬಂದೆ. ಕೇಳಿದವರೆಲ್ಲ ನಗ್ತಾರೆ. ಆಗ ಮಲ್ಲತ್ತಹಳ್ಳಿ ಪೂರ್ತಿ ಹಳ್ಳಿ. ಕೆರೆ, ರಾಗಿ ಹೊಲ, ಅವರೆ ಸಾಲು, ದನದ ಕೊಟ್ಟಿಗೆ. ಕ್ಯಾಂಪಸ್ ಅಂದ್ರೆ ನೀಲಗಿರಿ ಮರ, ಪೊದೆ, ನವಿಲು ಕೂಗೋದು, ನಡುನಡುವೆ ಕಲ್ಲಿನ ಕಟ್ಟಡ. ನಮ್ಮ ಅತ್ತೆ ಅದನ್ನ ಯೂನಿವರ್ಸಿಟಿ ಅಂತ ಒಂದು ದಿನವೂ ಕರೀಲಿಲ್ಲ. "ಕಾಲೇಜು ಕಾಡು" ಅಂತಿದ್ರು. ದನ ತಪ್ಪಿಸ್ಕೊಂಡ್ರೆ "ಕಾಲೇಜು ಕಾಡಿಗೆ ನುಗ್ಗೈತೆ ನೋಡ್ರಪ್ಪ" ಅನ್ನೋರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ದೂರದವರಿಗೆ ಗೊತ್ತಿರಲ್ಲ. ಯೂನಿವರ್ಸಿಟಿ ಪಕ್ಕದಲ್ಲಿದೆ ಅಂತ ಪಿಯುಸಿ ಮುಗಿಸಿ ಸೀದಾ ಅಲ್ಲಿಗೆ ಹೋಗಿ ಬಿ.ಎ.ಗೆ ಸೇರೋಕಾಗ್ತಿರಲಿಲ್ಲ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎಲ್ಲ ಊರೊಳಗಿನ ಕಾಲೇಜುಗಳಲ್ಲಿ, ಯೂನಿವರ್ಸಿಟಿ ಪರೀಕ್ಷೆ ನಡೆಸಿ ಮಾರ್ಕ್ಸ್ ಕಾರ್ಡ್ ಕೊಡೋದು. ಕ್ಯಾಂಪಸ್ಸಿನಲ್ಲಿ ಕೂತು ಓದೋದು ಹೆಚ್ಚಾಗಿ ಎಂ.ಎ., ಎಂ.ಎಸ್ಸಿ., ಎಂ.ಕಾಂ.ನವರು. ಹಾಗಾಗಿ ನಮ್ಮೂರಿನ ಹುಡುಗಿ ಮೊದಲು ಮೂರು ವರ್ಷ ವಿಜಯನಗರಕ್ಕೋ ಮೆಜೆಸ್ಟಿಕ್ ಕಡೆಗೋ ಬಸ್ಸಲ್ಲಿ ನೂಕಾಡ್ಕೊಂಡು ಹೋಗಿ, ಆಮೇಲೆ ಎರಡು ವರ್ಷ ಮನೆ ಪಕ್ಕಕ್ಕೆ ಬರಬೇಕು. ಆ ಮೂರು ವರ್ಷ ದಾಟೋ ಮುಂಚೆಯೇ ಎಷ್ಟೋ ಜನಕ್ಕೆ ಮದುವೆ ಆಗಿಬಿಡ್ತಿತ್ತು.

ನಮ್ಮ ನಾದಿನಿ ದಾಟಿದಳು. ಬಿ.ಎ. ಮುಗಿಸಿ ಕನ್ನಡ ಎಂ.ಎ.ಗೆ ಸೀಟು ಬಂತು. ಮಾವ ಒಪ್ಪಿದ್ದಕ್ಕೆ ಕಾರಣ ಒಂದೇ, ನಡೆದು ಹೋಗಿ ನಡೆದು ಬರಬಹುದು. ಮೈಸೂರಿನಲ್ಲೋ ಧಾರವಾಡದಲ್ಲೋ ಸೀಟು ಸಿಕ್ಕಿದ್ದಿದ್ರೆ ಆ ಮಾತೇ ಬರ್ತಿರಲಿಲ್ಲ. ಅತ್ತೆ ಮಾತ್ರ ಒಂದು ಷರತ್ತು ಹಾಕಿದ್ರು: "ದೀಪ ಹಚ್ಚೋ ಹೊತ್ಗೆ ಮನೇಲಿರ್ಬೇಕು ಕಣಮ್ಮಿ. ಒಂದಿನ ತಪ್ಪುದ್ರೆ ಅವತ್ಗೆ ನಿಲ್ತು."

ಆ ಕನ್ನಡ ಅಧ್ಯಯನ ಕೇಂದ್ರ ಸಾಮಾನ್ಯದ್ದಲ್ಲ. ಜಿ.ಎಸ್. ಶಿವರುದ್ರಪ್ಪನವರು 1966ರಲ್ಲಿ ಬಂದು ಕಟ್ಟಿ ಬೆಳೆಸಿದ್ದು. ನಾದಿನಿ ಸೇರೋ ಹೊತ್ತಿಗೆ ಅವರು ನಿವೃತ್ತರಾಗಿದ್ರು, ಆದ್ರೂ ಅವರ ಹೆಸರು ಹೇಳದೆ ಪಾಠ ಮುಗೀತಿರಲಿಲ್ಲವಂತೆ. ಕವಿ ಸಿದ್ಧಲಿಂಗಯ್ಯನವರು ಈ ಯೂನಿವರ್ಸಿಟಿಯಲ್ಲೇ ಎಂ.ಎ. ಓದಿ ಇಲ್ಲೇ ಮೇಷ್ಟ್ರಾದವರು. ಅವರ 'ಊರುಕೇರಿ'ಯನ್ನ ನಾದಿನಿ ತಂದುಕೊಟ್ಟಾಗ ನಾನೂ ಓದಿದೆ. ಮಾಗಡಿ ತಾಲೂಕಿನ ಮಂಚನಬೆಲೆಯವರು ಅಂತ ನನಗೆ ಸ್ವಲ್ಪ ಹೆಚ್ಚೇ ಅಭಿಮಾನ. ಅವರ ಮನೆಯವರು ಬೆಂಗಳೂರಿಗೇ ಬಂದು ಶ್ರೀರಾಂಪುರದಲ್ಲಿದ್ದರೂ ಓದೋಕೆ ಅವರಿಗೆ ಹಾಸ್ಟೆಲ್ ಬೇಕಾಯ್ತು. ಸ್ಮಶಾನದಲ್ಲಿ ಕೂತು ಓದ್ತಿದ್ದದ್ದನ್ನೂ ಬರೆದಿದ್ದಾರೆ. ಊರಲ್ಲಿ ಮನೆ ಇದ್ರೆ ಸಾಕೇ, ಆ ಮನೆಯಲ್ಲಿ ಕಾಲು ನೀಡಿ ಪುಸ್ತಕ ಬಿಚ್ಚೋಕೆ ಜಾಗ ಇರಬೇಡವೇ? ಅವರಿಗೆ ಬಡತನ, ಜಾತಿ ಎರಡೂ ಸೇರಿ ಆ ಜಾಗ ಕಿತ್ಕೊಂಡಿದ್ವು. ನಮ್ಮಂಥ ಹೊಲ ಮನೆ ಇದ್ದವರ ಹೆಣ್ಮಕ್ಕಳಿಗೆ ಅಷ್ಟು ಕಷ್ಟ ಇರಲಿಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕಾಗಲ್ಲ. ಆದ್ರೆ ಜಾಗ ಇದ್ರೂ ಹೊತ್ತು ಇರಲಿಲ್ಲ.

ನಾದಿನಿಯ ದಿನ ಹೇಗಿತ್ತು ಅಂತ ನನ್ನ ಕಣ್ಣಾರೆ ನೋಡಿದ್ದೀನಿ. ಐದಕ್ಕೆ ಏಳೋದು, ಕೊಟ್ಟಿಗೆ ಕಸ, ಬಾಗಿಲು ಸಾರಿಸೋದು ಅವಳ ಪಾಲು. ಒಲೆ ನನ್ನ ಪಾಲು. ಒಂಬತ್ತಕ್ಕೆ ಡಬ್ಬಿಗೆ ಚಿತ್ರಾನ್ನವೋ ರೊಟ್ಟಿ ಹುಚ್ಚೆಳ್ಳು ಚಟ್ನಿಯೋ ಹಾಕ್ಕೊಂಡು ಕೆರೆ ಏರಿ ಮೇಲೆ ಹೊರಡೋಳು. ಅರ್ಧ ಗಂಟೆ ನಡಿಗೆ. ಕ್ಲಾಸು ಮುಗಿದ ಮೇಲೆ ಹಾಸ್ಟೆಲ್ ಹುಡುಗಿಯರು ಲೈಬ್ರರಿಗೆ ಹೋಗೋರು, ಇಲ್ಲಾ ಮರದ ಕೆಳಗೆ ಕೂತು ಮೇಷ್ಟ್ರುಗಳ ಜೊತೆ ಮಾತು, ಕವಿಗೋಷ್ಠಿ, ನಾಟಕ. ಇವಳು ಸೂರ್ಯನ್ನ ನೋಡ್ಕೊಂಡು ಎದ್ದು ಬರೋಳು. "ಅತ್ತಿಗೆ, ಪಾಠ ಕ್ಲಾಸಲ್ಲಿ ನಡೆಯೋದಕ್ಕಿಂತ ಕ್ಲಾಸು ಮುಗಿದ ಮೇಲೆ ಜಾಸ್ತಿ ನಡೀತದೆ, ಅದು ನಂಗಿಲ್ಲ" ಅಂತ ಒಂದ್ಸಲ ಅಂದಳು. ಅಳ್ತಾ ಅಲ್ಲ, ಅವರೆಕಾಯಿ ಸುಲಿಯುತ್ತಾ.

ಅವರೆಕಾಯಿ ಅಂದ್ರೆ ನೆನಪಾಗ್ತದೆ. ನಮ್ಮ ಕಡೆ ಸೊಗಡು ಅವರೆ ಬರೋದು ಡಿಸೆಂಬರ್ ಜನವರಿಯಲ್ಲಿ. ಮನೆ ತುಂಬ ಕಾಯಿ, ಸುಲಿದು, ನೆನೆಹಾಕಿ, ಹಿತುಕಿ, ಮಾರಿದಷ್ಟು ಮಾರಿ, ಸಾರಿಗೆ ಇಟ್ಟಷ್ಟು ಇಟ್ಟು. ಮನೆ ಹೆಂಗಸರೆಲ್ಲ ರಾತ್ರಿ ಹನ್ನೊಂದರವರೆಗೂ ಕೂರಬೇಕು. ಅವಳು ಪುಸ್ತಕವನ್ನ ಮೊರಕ್ಕೆ ಒರಗಿಸಿ ಓದಿಕೊಂಡು ಹಿತುಕೋಳು. ಪುಸ್ತಕದ ಅಂಚಿಗೆಲ್ಲ ಸೊಗಡು ಹತ್ತಿ, ಲೈಬ್ರರಿಯಲ್ಲಿ ವಾಪಸ್ ಕೊಡುವಾಗ ನಾಚಿಕೆಯಾಗ್ತಿತ್ತಂತೆ. ಹಾಸ್ಟೆಲಿಗೆ ಅರ್ಜಿ ಹಾಕಿದ್ರೂ ಊರಿನವರಿಗೆ ಸಿಗೋದು ಕಷ್ಟ, ದೂರದವರಿಗೆ ಮೊದಲು. ಅದು ನ್ಯಾಯವೇ. ಪಾವಗಡದಿಂದಲೋ ಮುಳಬಾಗಿಲಿನಿಂದಲೋ ಬಂದವಳು ಎಲ್ಲಿ ಹೋಗಬೇಕು? ತುಮಕೂರು, ಕೋಲಾರ ಎಲ್ಲ ಆಗ ಈ ಯೂನಿವರ್ಸಿಟಿಗೇ ಸೇರಿದ್ವು. ತುಮಕೂರಿಗೆ ಸ್ವಂತದ್ದು ಆಗಿದ್ದು 2004ರಲ್ಲಿ.

ಹಾಸ್ಟೆಲಿನವರಿಗೂ ನಮ್ಮ ಮೇಲೆ ಹೊಟ್ಟೆಕಿಚ್ಚಿತ್ತು ಬಿಡಿ. ಸಂಕ್ರಾಂತಿಗೆ ನಾದಿನಿಯ ಗೆಳತಿಯರು ನಾಲ್ಕೈದು ಜನ ಮನೆಗೆ ಬರೋರು. ಹಿತಕಿದ ಬೇಳೆ ಸಾರು, ಮುದ್ದೆ ಉಂಡು "ನಿಂಗೇನಮ್ಮ, ದಿನಾ ಅಮ್ಮನ ಕೈ ಅಡುಗೆ" ಅನ್ನೋರು. ಅಮ್ಮನ ಕೈ ಅಡುಗೆಯಲ್ಲಿ ಅರ್ಧ ಅವಳ ಕೈಯದ್ದೇ ಅಂತ ಅವರಿಗೇನು ಗೊತ್ತು. ಅವಳು ಎಂ.ಎ. ಮುಗಿಸಿ ಹೈಸ್ಕೂಲಿನಲ್ಲಿ ಕನ್ನಡ ಟೀಚರಾದಳು. ನಮ್ಮ ಮನೆತನದಲ್ಲಿ ಸಂಬಳ ತಂದ ಮೊದಲ ಹೆಂಗಸು. ಅತ್ತೆ ಆ ಮೊದಲ ಸಂಬಳದ ಸೀರೆಯನ್ನ ಕೊನೇವರೆಗೂ ಹಬ್ಬಕ್ಕೆ ಮಾತ್ರ ಉಟ್ಟರು.

ಮಗಳ ಕಾಲಕ್ಕೆ ಎಲ್ಲ ಬದಲಾಗಿತ್ತು. ಹೊಲ ಲೇಔಟಾಯ್ತು, ರಿಂಗ್ ರೋಡ್ ಬಂತು, ಅಂಬೇಡ್ಕರ್ ಇಂಜಿನಿಯರಿಂಗ್ ಕಾಲೇಜಿನ ಹುಡುಗರಿಂದ ಊರು ತುಂಬಿತು, ಮನೆ ಮೇಲೆ ಮನೆ ಕಟ್ಟಿ ಬಾಡಿಗೆಗೆ ಬಿಟ್ವಿ. ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಮೂರು ರೂಮು, ಮೂರರಲ್ಲೂ ವಿದ್ಯಾರ್ಥಿಗಳು. ಸಾಲೋಟಗಿಯಲ್ಲಿ ಊರಿನವರು ಶಾಲೆಗೆ ಕೊಟ್ಟರೆ, ಇಲ್ಲಿ ಶಾಲೆಯಿಂದ ಊರಿನವರು ಉಣ್ತಿದ್ದೀವಿ.

2016ರಲ್ಲಿ ಮಗಳಿಗೆ ಎಂ.ಎಸ್ಸಿ.ಗೆ ಇಲ್ಲೂ ಸೀಟು ಬಂತು, ಮೈಸೂರಿನ ಮಾನಸಗಂಗೋತ್ರಿಯಲ್ಲೂ ಬಂತು. ಅವಳಿಗೆ ಮೈಸೂರಿಗೆ ಹೋಗೋ ಆಸೆ. ನಮ್ಮ ಯಜಮಾನ್ರು "ಮನೆ ಬಾಗ್ಲಲ್ಲೇ ಯೂನಿವರ್ಸಿಟಿ ಇರುವಾಗ ಹಾಸ್ಟೆಲ್ ದುಡ್ಡು ಕಟ್ಟೋದು ಯಾವ ಲೆಕ್ಕ?" ಅಂದ್ರು. ಒಂದು ವಾರ ಮನೆಯಲ್ಲಿ ಮಾತಿಲ್ಲ. ನಾನು ಮಗಳ ಪರ ಮಾತಾಡಿದೆ, ನಾದಿನಿಯೂ ಫೋನ್ ಮಾಡಿ ಅಣ್ಣನಿಗೆ ಹೇಳಿದಳು, ನಡೀಲಿಲ್ಲ. ಅವಳು ಇಲ್ಲೇ ಸೇರಿದಳು, ಚೆನ್ನಾಗೇ ಓದಿದಳು, ಈಗ ಕೆಲಸದಲ್ಲಿದ್ದಾಳೆ. ಒಂದು ಸಲ ಮಾತ್ರ ಹೇಳಿದ್ದು ನನ್ನ ಕಿವಿಯಲ್ಲಿ ಇದೆ. "ಅಮ್ಮ, ಅತ್ತೆಗೆ ಮನೆ ಹತ್ರ ಯೂನಿವರ್ಸಿಟಿ ಇದ್ದಿದ್ದಕ್ಕೆ ಹೊರಗೆ ಹೋಗೋಕಾಯ್ತು. ಅದೇ ಯೂನಿವರ್ಸಿಟಿ ಮನೆ ಹತ್ರ ಇದ್ದಿದ್ದಕ್ಕೆ ನಂಗೆ ಹೊರಗೆ ಹೋಗೋಕಾಗಲಿಲ್ಲ."

ಇದನ್ನ ನಾನು ತುಂಬ ದಿನ ಯೋಚನೆ ಮಾಡಿದ್ದೀನಿ. ಅವಳ ಮಾತು ತಪ್ಪಲ್ಲ. ಇಪ್ಪತ್ತೈದು ವರ್ಷದಲ್ಲಿ ಹೆಣ್ಮಕ್ಕಳ ಆಸೆ ದೊಡ್ಡದಾಗಿದೆ, ಮನೆಯವರ ಲೆಕ್ಕಾಚಾರ ಅಲ್ಲೇ ನಿಂತಿದೆ. ಗಂಡು ಹುಡುಗನಿಗೆ ಸೀಟು ಬಂದಿದ್ರೆ ಮೈಸೂರೇನು ದಿಲ್ಲಿಗೂ ಕಳಿಸ್ತಿದ್ರು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ, ನಮ್ಮ ಬೀದಿಯಲ್ಲೇ ಕಳಿಸಿದ್ದಾರೆ. ಹಾಸ್ಟೆಲ್ಲಿನಲ್ಲಿ ಏನು ಕಲೀತಾರೆ ಅಂತ ಕೇಳೋರಿಗೆ ನನ್ನ ಉತ್ತರ, ತಮ್ಮ ಹೊತ್ತನ್ನ ತಾವೇ ಇಟ್ಕೊಳ್ಳೋದು.

ಅವಳು ಓದ್ತಿರುವಾಗಲೇ, 2017ರಲ್ಲಿ, ಯೂನಿವರ್ಸಿಟಿಯನ್ನ ಮೂರು ಪಾಲು ಮಾಡಿದ್ರು. ಸೆಂಟ್ರಲ್ ಕಾಲೇಜಿನ ಕಡೆ ಒಂದು, ಕೋಲಾರದ ಕಡೆ ಒಂದು, ಜ್ಞಾನಭಾರತಿಯದ್ದು ಹಳೇ ಹೆಸರಿನಲ್ಲೇ ಉಳೀತು. 1928ರ ಮಾರ್ಚಿನಲ್ಲಿ ಸಿ.ವಿ. ರಾಮನ್ ತಮ್ಮ ಶೋಧದ ಬಗ್ಗೆ ಭಾಷಣ ಮಾಡಿದ ಸೆಂಟ್ರಲ್ ಕಾಲೇಜು ಹೀಗೆ ಬೇರೆ ಮನೆಯ ಪಾಲಾಯ್ತು. ಅಣ್ಣತಮ್ಮಂದಿರ ಪಾಲಿನ ಹಾಗೆ ಯಾರಿಗೆ ಯಾವ ಕಟ್ಟಡ, ಯಾರಿಗೆ ಯಾವ ಕಾಲೇಜು ಅಂತ.

ಊರಿಗೂ ಯೂನಿವರ್ಸಿಟಿಗೂ ಈಗ ಇರೋ ದೊಡ್ಡ ತಕರಾರು ರಸ್ತೆಯದ್ದು. ಮೈಸೂರು ರಸ್ತೆಯಿಂದ ನಮ್ಮ ಕಡೆಗೆ, ಉಲ್ಲಾಳ, ನಾಗರಬಾವಿ ಕಡೆಗೆ ಬರೋರೆಲ್ಲ ಕ್ಯಾಂಪಸ್ ಒಳಗಿಂದ್ಲೇ ಬರ್ತಾರೆ. ಕಾರು, ಲಾರಿ, ಬಸ್ಸು, ನೀರಿನ ಟ್ಯಾಂಕರು. ನಾದಿನಿ ನವಿಲು ನೋಡ್ಕೊಂಡು ನಡೆದ ರಸ್ತೆ ಅದು. 2022ರ ಅಕ್ಟೋಬರಿನಲ್ಲಿ ಎಂ.ಎಸ್ಸಿ. ಓದ್ತಿದ್ದ ಒಬ್ಬ ಹುಡುಗಿ ಕ್ಯಾಂಪಸ್ಸಿನಲ್ಲೇ ಬಸ್ಸಿನಡಿ ಸಿಕ್ಕಿ, ಕೆಲವು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ವಿದ್ಯಾರ್ಥಿಗಳು ರಸ್ತೆಯಲ್ಲಿ ಕೂತರು, ಹೊರಗಿನ ಗಾಡಿ ಒಳಗೆ ಬಿಡಬೇಡಿ ಅಂದ್ರು. ನಮ್ಮೂರಿನ ಗಂಡಸರು ಅಂಗಡಿ ಮುಂದೆ ನಿಂತು "ರಸ್ತೆ ಮುಚ್ಚುದ್ರೆ ನಾವೆಲ್ಲಿಂದ ಹೋಗೋದು" ಅಂತ ಕೂಗಾಡಿದ್ರು. ನಾನು ಹುಡುಗರ ಕಡೆ. ನಮಗೆ ಹತ್ತು ನಿಮಿಷ ಸುತ್ತು ಬಳಸಾಗಬಹುದು, ಆ ಮಗು ವಾಪಸ್ ಬರಲ್ಲ. ಅದೂ ಅಲ್ಲದೆ ಆ ರಸ್ತೆಯಲ್ಲಿ ನಡೆಯೋ ಮಕ್ಕಳಲ್ಲಿ ನಮ್ಮೂರಿನವರೂ ಇದ್ದಾರೆ ಅಂತ ಕೂಗಾಡೋರಿಗೆ ನೆನಪಿರಲಿಲ್ಲ.

ನಮ್ಮೂರಿನ ಕಲಾಗ್ರಾಮದಲ್ಲಿ 2013ರ ಡಿಸೆಂಬರಿನಲ್ಲಿ ಜಿ.ಎಸ್.ಎಸ್. ಅವರ ಅಂತ್ಯಕ್ರಿಯೆ ಆಯ್ತು, ಮಾರನೇ ವರ್ಷ ಆಗಸ್ಟಿನಲ್ಲಿ ಅನಂತಮೂರ್ತಿಯವರದ್ದು. ಜಿ.ಎಸ್.ಎಸ್. ಅವರ ದಿನ ನಾದಿನಿ ತನ್ನ ಸ್ಕೂಲಿಗೆ ರಜೆ ಹಾಕಿ ಬಂದಿದ್ದಳು. ಕತ್ತಲಾಗೋವರೆಗೂ ಅಲ್ಲೇ ಹಳೇ ಹಾಸ್ಟೆಲ್ ಗೆಳತಿಯರ ಜೊತೆ ಕೂತಿದ್ದು, ಎಂಟು ಗಂಟೆಗೆ ಮನೆಗೆ ಬಂದಳು. ಅತ್ತೆ ಆಗ ಇರಲಿಲ್ಲ.

2021ರಲ್ಲಿ ಕೆಂಗೇರಿವರೆಗೆ ಮೆಟ್ರೋ ಬಂತು, ಜ್ಞಾನಭಾರತಿ ಅಂತಲೇ ಒಂದು ನಿಲ್ದಾಣ. ಈಗ ಬೈಯಪ್ಪನಹಳ್ಳಿ ಕಡೆಯ ಹುಡುಗಿಯೂ ಮನೆಯಿಂದ ಹೋಗಿ ಬಂದು ಓದಬಹುದು. ಹೋದ ತಿಂಗಳು ನಮ್ಮ ಹಿಂದಿನ ಬೀದಿಯ ಅಜ್ಜಿಯೊಬ್ಬರು ಮೊಮ್ಮಗಳಿಗೆ ಎಂ.ಕಾಂ. ಸೀಟು ಸಿಕ್ಕಿದೆ ಅಂತ ಸಿಹಿ ಕೊಡೋಕೆ ಬಂದ್ರು. "ಎಷ್ಟೊತ್ಗೆ ಬಿಡ್ತಾರಮ್ಮ ಅಲ್ಲಿ? ನಿಮ್ಮನೆ ಹುಡ್ಗೀರು ಓದೌರಲ್ಲ, ನಿಂಗೆ ಗೊತ್ತಿರ್ತದೆ" ಅಂದ್ರು. ಲೈಬ್ರರಿ ಮುಚ್ಚೋ ಹೊತ್ತಿಗೆ ಬರ್ತಾಳೆ, ಅಷ್ಟರವರೆಗೂ ಫೋನ್ ಮಾಡ್ಬೇಡಿ ಅಂದೆ. ಅವರೆಕಾಯಿ ಕಾಲದಲ್ಲಿ ಅವಳನ್ನ ಕೂರಿಸ್ಕೋಬೇಡಿ, ಬೇಕಾದ್ರೆ ಮೊರ ತಗೊಂಡು ನಾನೇ ಬರ್ತೀನಿ ಅಂತಲೂ ಅಂದೆ.